ಅಪಾಯಕಾರಿ ರಾಸಾಯನಿಕಗಳ ಸೋರಿಕೆ: ಸಣ್ಣ ಉದ್ದಿಮೆಗಳಲ್ಲಿ ಸಿಬ್ಬಂದಿ ತರಬೇತಿ

ಸಣ್ಣ ಕೈಗಾರಿಕೆಗಳಲ್ಲಿಯೂ ಗೋದಾಮುಗಳಲ್ಲಿಯೂ ಪ್ರತಿದಿನ ಆಮ್ಲ, ಕಾಸ್ಟಿಕ್ ಸೋಡಾ, ಥಿನ್ನರ್, ಡೀಸೆಲ್, ಬ್ಲೀಚಿಂಗ್ ದ್ರಾವಣ ಮೊದಲಾದ ವಸ್ತುಗಳನ್ನು ಇಳಿಸುವ, ಸುರಿಯುವ, ಸಾಗಿಸುವ ಕೆಲಸ ನಡೆಯುತ್ತಲೇ ಇರುತ್ತದೆ. ಕ್ಯಾನೊಂದು ಜಾರಿ ಬೀಳುವುದು, ಬ್ಯಾರೆಲಿನ ಬಿರಡೆ ಸಡಿಲವಾಗುವುದು, ಪೈಪಿನ ಜೋಡಣೆ ಕಳಚುವುದು ಅಪರೂಪದ ಸಂಗತಿಗಳಲ್ಲ. ಇಂತಹ ಸಂದರ್ಭದಲ್ಲಿ ಸ್ಥಳದಲ್ಲಿರುವವರು ಮಾಲೀಕರಲ್ಲ, ಸುರಕ್ಷತಾ ಅಧಿಕಾರಿಯೂ ಅಲ್ಲ. ಒಬ್ಬ ಹೆಲ್ಪರ್, ಒಬ್ಬ ಹಮಾಲಿ ಅಥವಾ ರಾತ್ರಿ ಪಾಳಿಯ ಕಾವಲುಗಾರ ಅಲ್ಲಿರುತ್ತಾನೆ. ಮೊದಲ ಹತ್ತು ನಿಮಿಷಗಳಲ್ಲಿ ಅವನು ಏನು ಮಾಡುತ್ತಾನೆ, ಏನು ಮಾಡದೆ ಬಿಡುತ್ತಾನೆ ಎಂಬುದರ ಮೇಲೆ ಅವನ ಪ್ರಾಣವೂ ಉದ್ದಿಮೆಯ ಭವಿಷ್ಯವೂ ನಿಂತಿರುತ್ತವೆ. ಆದುದರಿಂದ ತರಬೇತಿ ಆರಂಭವಾಗಬೇಕಾದುದು ಅವನಿಂದಲೇ.

ಕಾನೂನಿನ ಹಿನ್ನೆಲೆ

1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಮರುವರ್ಷ, 1985ರ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ಕಾರ್ಖಾನೆಯಲ್ಲಿ ಓಲಿಯಂ ಸೋರಿಕೆಯಾಯಿತು. ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1986ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪು ಎಲ್ಲ ಉದ್ಯಮಿಗಳೂ ನೆನಪಿನಲ್ಲಿಡಬೇಕಾದುದು. ಅಪಾಯಕಾರಿ ಉದ್ದಿಮೆಯನ್ನು ನಡೆಸುವವನು ಅದರಿಂದಾಗುವ ಹಾನಿಗೆ ಸಂಪೂರ್ಣ ಹೊಣೆಗಾರನು. ತಾನು ಎಚ್ಚರ ವಹಿಸಿದ್ದೆ ಎಂಬ ಸಮರ್ಥನೆಯಿಂದ ಆ ಹೊಣೆ ತಪ್ಪುವುದಿಲ್ಲ ಎಂಬುದು ಅದರ ಸಾರ.

1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಪ್ರತ್ಯೇಕ ಅಧ್ಯಾಯವನ್ನು ಸೇರಿಸಲಾಯಿತು. ಕಾರ್ಮಿಕರಿಗೆ ಅಪಾಯದ ಮಾಹಿತಿ ನೀಡುವ ಕರ್ತವ್ಯ ಹಾಗೂ ಸನ್ನಿಹಿತ ಅಪಾಯವನ್ನು ಗಮನಕ್ಕೆ ತರುವ ಕಾರ್ಮಿಕರ ಹಕ್ಕು ಅದರಲ್ಲಿ ಸೇರಿದವು. 2025ರ ನವೆಂಬರ್ 21ರಿಂದ ಜಾರಿಗೆ ಬಂದ, 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿಯೂ ಈ ಆಶಯಗಳು ಮುಂದುವರಿದಿವೆ. ಹೊಸ ಸಂಹಿತೆಯಲ್ಲಿ, ವಿದ್ಯುಚ್ಛಕ್ತಿ ಬಳಸುವ ಘಟಕವು ಕಾರ್ಖಾನೆ ಎನಿಸಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ ಏರಿದೆ. ಹಾಗೆಂದು ಹದಿನೈದು ಜನರ ಘಟಕದ ಮಾಲೀಕರು ನಿಶ್ಚಿಂತರಾಗುವಂತಿಲ್ಲ. ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ರಚಿತವಾದ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಹಾಗೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಕಾರ್ಮಿಕರ ಸಂಖ್ಯೆಯನ್ನು ನೋಡಿ ಅನ್ವಯವಾಗುವಂತಹವಲ್ಲ.

ತಿಳಿಯದೆ ಆಗುವ ತಪ್ಪುಗಳು

ಸೋರಿಕೆಗಿಂತ, ಸೋರಿಕೆಯಾದ ಮೇಲೆ ಸದುದ್ದೇಶದಿಂದಲೇ ಮಾಡುವ ತಪ್ಪು ಹೆಚ್ಚು ಹಾನಿ ಮಾಡಬಲ್ಲದು. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಹೇರಳವಾಗಿರುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳನ್ನೇ ಉದಾಹರಣೆಯಾಗಿ ನೋಡಬಹುದು.

ಏನೇ ಚೆಲ್ಲಿದರೂ ಮರದ ಹೊಟ್ಟನ್ನು ಹಾಕಿ ಗುಡಿಸುವುದು ನಮ್ಮಲ್ಲಿ ರೂಢಿ. ಎಣ್ಣೆಗೆ ಇದು ಸರಿ. ಆದರೆ ನೈಟ್ರಿಕ್ ಆಮ್ಲದ ಮೇಲೆ ಹೊಟ್ಟು, ಗೋಣಿತಾಟು ಅಥವಾ ಬಟ್ಟೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು; ಕಂದು ಬಣ್ಣದ ವಿಷಾನಿಲವೂ ಹೊರಡುತ್ತದೆ. ಈ ಅನಿಲವನ್ನು ಉಸಿರಾಡಿದವನಿಗೆ ಆ ಕ್ಷಣದಲ್ಲಿ ಸ್ವಲ್ಪ ಕೆಮ್ಮು ಮಾತ್ರ ಬಂದು, ಹಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಆದ್ದರಿಂದ ಅವನು ಚೆನ್ನಾಗಿದ್ದೇನೆಂದರೂ ಮನೆಗೆ ಕಳುಹಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಗಂಧಕಾಮ್ಲ ಚೆಲ್ಲಿದೊಡನೆ ಬಕೆಟ್ಟಿನಲ್ಲಿ ನೀರು ತಂದು ಎರಚುವುದು ಮತ್ತೊಂದು ತಪ್ಪು. ಸಾಂದ್ರ ಆಮ್ಲಕ್ಕೆ ನೀರು ಬೆರೆತಾಗ ಅತಿಯಾದ ಶಾಖ ಹುಟ್ಟಿ ಆಮ್ಲವು ಸಿಡಿಯುತ್ತದೆ. ಮೊದಲು ಒಣ ಮರಳಿನಿಂದ ಸುತ್ತಲೂ ಒಡ್ಡು ಕಟ್ಟಿ, ಅನಂತರ ಅಂಚಿನಿಂದ ಒಳಕ್ಕೆ ಸೋಡಾ ಪುಡಿಯನ್ನಾಗಲಿ ಸುಣ್ಣವನ್ನಾಗಲಿ ಸ್ವಲ್ಪಸ್ವಲ್ಪವಾಗಿ ಹಾಕುವುದು ಸರಿಯಾದ ಕ್ರಮ. ಆದರೆ ಮೈಮೇಲೆ ಅಥವಾ ಕಣ್ಣಿಗೆ ಆಮ್ಲ ಬಿದ್ದಾಗ ಧಾರಾಳವಾಗಿ ನೀರನ್ನೇ ಬಳಸಬೇಕು. ತಡಮಾಡದೆ, ಕನಿಷ್ಠ 15 ನಿಮಿಷ, ಹರಿಯುವ ನೀರಿನಲ್ಲಿ ತೊಳೆಯಬೇಕು. ನೆಲಕ್ಕೆ ಒಂದು ನಿಯಮ, ದೇಹಕ್ಕೆ ಇನ್ನೊಂದು ನಿಯಮ ಎಂಬ ಈ ವ್ಯತ್ಯಾಸವನ್ನು ತರಬೇತಿಯಲ್ಲಿ ಒತ್ತಿ ಹೇಳಬೇಕು.

ಸಯನೈಡ್ ಲವಣಕ್ಕೆ ಆಮ್ಲ ತಗುಲಿದರೆ ಪ್ರಾಣಾಂತಿಕವಾದ ಹೈಡ್ರೋಜನ್ ಸಯನೈಡ್ ಅನಿಲ ಹೊರಬರುತ್ತದೆ. ಬ್ಲೀಚಿಂಗ್ ದ್ರಾವಣಕ್ಕೆ ಆಮ್ಲ ಸೇರಿದರೆ ಕ್ಲೋರಿನ್ ಹೊರಬರುತ್ತದೆ. ಇವುಗಳನ್ನು ಬೇರೆ ಬೇರೆ ಕಡೆ ಇಟ್ಟರೆ ಸಾಲದು. ಚೆಲ್ಲಿದರೆ ಒಂದೇ ಚರಂಡಿಯಲ್ಲಿ ಕೂಡದಂತೆಯೂ ನೋಡಿಕೊಳ್ಳಬೇಕು. ಥಿನ್ನರಿನ ವಿಷಯವೇ ಬೇರೆ. ಅದರಲ್ಲಿ ಸಾಮಾನ್ಯವಾಗಿ ಇರುವ ಟೊಲುಯಿನ್ ಸುಮಾರು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಹೊತ್ತಿಕೊಳ್ಳಬಲ್ಲಷ್ಟು ಆವಿಯನ್ನು ಬಿಡುತ್ತದೆ. ಆ ಆವಿಯು ಗಾಳಿಗಿಂತ ಮೂರು ಪಟ್ಟು ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಕಿಡಿಯನ್ನು ತಲುಪುತ್ತದೆ. ಥಿನ್ನರ್ ಚೆಲ್ಲಿದ ಕೊಠಡಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕುವುದಾಗಲಿ ದೀಪ ಆರಿಸುವುದಾಗಲಿ ಕೂಡದು. ಬಾಗಿಲು ಕಿಟಕಿಗಳನ್ನು ತೆರೆದು, ಸಾಧ್ಯವಾದರೆ ಹೊರಗಿನ ಮುಖ್ಯ ಸ್ವಿಚ್ಚಿನಿಂದಲೇ ವಿದ್ಯುತ್ತನ್ನು ನಿಲ್ಲಿಸಬೇಕು.

ಯಾರಿಗೆ ಎಷ್ಟು ತರಬೇತಿ?

ಎಲ್ಲರನ್ನೂ ಪರಿಣತರನ್ನಾಗಿ ಮಾಡಬೇಕಾಗಿಲ್ಲ. ಅಮೆರಿಕದಲ್ಲಿ 1990ರಿಂದ ಜಾರಿಯಲ್ಲಿರುವ ನಿಯಮವು ತುರ್ತು ಸೋರಿಕೆಯಲ್ಲಿ ಕೆಲಸ ಮಾಡುವವರನ್ನು ಐದು ಹಂತಗಳಲ್ಲಿ ವಿಂಗಡಿಸುತ್ತದೆ. ಅದರ ಮೊದಲ ಹಂತದವರ ಕರ್ತವ್ಯ ಸೋರಿಕೆಯನ್ನು ಗುರುತಿಸಿ ಸುದ್ದಿ ಮುಟ್ಟಿಸುವುದಷ್ಟೆ. ನಮ್ಮ ಸಣ್ಣ ಘಟಕಗಳಿಗೆ ಮೂರು ಹಂತಗಳು ಸಾಕೆನಿಸುತ್ತದೆ.

ಮೊದಲನೆಯದು, ಎಲ್ಲರಿಗೂ ಬೇಕಾದ ತಿಳಿವಳಿಕೆ. ಗುಮಾಸ್ತರು, ಗುತ್ತಿಗೆ ಕಾರ್ಮಿಕರು, ಸ್ವಚ್ಛತಾ ಸಿಬ್ಬಂದಿ, ಕಾವಲುಗಾರರು ಸಹ ಇದರಲ್ಲಿ ಸೇರಬೇಕು. ಡಬ್ಬಿಗಳ ಮೇಲಿನ ಅಪಾಯ ಚಿಹ್ನೆಗಳನ್ನು ಗುರುತಿಸುವುದು, ದೂರ ಸರಿಯುವುದು, ಇತರರನ್ನು ಎಚ್ಚರಿಸುವುದು, ಯಾರಿಗೆ ತಿಳಿಸಬೇಕೆಂದು ಅರಿತಿರುವುದು ಇಷ್ಟೇ ಅದರ ವ್ಯಾಪ್ತಿ.

ಎರಡನೆಯದು, ರಾಸಾಯನಿಕಗಳನ್ನು ಕೈಯಾರೆ ಬಳಸುವವರಿಗೆ ಬೇಕಾದ ಕೌಶಲ. ಸಣ್ಣ ಪ್ರಮಾಣದ, ಯಾವುದೆಂದು ಖಚಿತವಾಗಿ ಗೊತ್ತಿರುವ ವಸ್ತುವನ್ನು ಸರಿಯಾದ ಕೈಗವಸು, ಕನ್ನಡಕ, ಏಪ್ರನ್, ಗಂಬೂಟುಗಳನ್ನು ಧರಿಸಿ ತೆಗೆಯುವುದನ್ನು ಇವರು ಕಲಿಯಬೇಕು. ಹತ್ತಿ ಅಥವಾ ಚರ್ಮದ ಕೈಗವಸು ಆಮ್ಲವನ್ನು ತಡೆಯುವುದಿಲ್ಲ. ಧೂಳು ತಡೆಯುವ ಸಾಮಾನ್ಯ ಮುಖಗವಸು ಆವಿಯನ್ನು ತಡೆಯುವುದಿಲ್ಲ.

ಮೂರನೆಯದು, ನಿರ್ಧಾರ ಕೈಗೊಳ್ಳುವವರ ಹಂತ. ಪ್ರತಿ ಪಾಳಿಯಲ್ಲಿಯೂ ಒಬ್ಬ ಮೇಸ್ತ್ರಿ ಅಥವಾ ಸೂಪರ್‌ವೈಸರನಿಗೆ ಕೆಲಸ ನಿಲ್ಲಿಸಿ ಎಲ್ಲರನ್ನೂ ಹೊರಗೆ ಕಳುಹಿಸುವ ಅಧಿಕಾರವನ್ನು ಬರವಣಿಗೆಯಲ್ಲಿಯೇ ಕೊಡಬೇಕು. ಮಾಲೀಕರಿಗೆ ಫೋನ್ ಮಾಡಿ ಅನುಮತಿ ಕೇಳುತ್ತ ಕೂರುವ ಹೊತ್ತು ಅದಲ್ಲ.

ನಾಲ್ಕು ಪ್ರಶ್ನೆಗಳು

ತಾನೇ ತೆಗೆಯಬಹುದೋ ಹೊರಗೆ ಹೋಗಬೇಕೋ ಎಂಬುದನ್ನು ತೀರ್ಮಾನಿಸಲು ಕಾರ್ಮಿಕನಿಗೆ ನಾಲ್ಕು ಪ್ರಶ್ನೆಗಳನ್ನು ಕಲಿಸಿದರೆ ಸಾಕು.

1. ಚೆಲ್ಲಿದ್ದು ಏನೆಂದು ನನಗೆ ಖಚಿತವಾಗಿ ಗೊತ್ತೆ?
2. ಅದರ ಪ್ರಮಾಣ ನಮ್ಮಲ್ಲಿರುವ ಸಾಮಗ್ರಿಯಿಂದ ಹೀರಿಸುವಷ್ಟು ಕಡಿಮೆ ಇದೆಯೆ?
3. ಹೊಗೆ, ಕಣ್ಣುರಿ, ತೀಕ್ಷ್ಣ ವಾಸನೆ, ಬೆಂಕಿ ಇವು ಯಾವುವೂ ಇಲ್ಲವೆ?
4. ಬೇಕಾದ ರಕ್ಷಣಾ ಸಾಧನ ನನ್ನ ಬಳಿ ಇದೆಯೆ, ಜೊತೆಗೆ ಇನ್ನೊಬ್ಬರಿದ್ದಾರೆಯೆ?

ನಾಲ್ಕಕ್ಕೂ ಉತ್ತರ ಹೌದು ಎಂದಾದರೆ ಮಾತ್ರ ಕೈ ಹಾಕಬೇಕು. ಒಂದಕ್ಕೆ ಇಲ್ಲವೆಂದಾದರೂ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಸರಿದು 112 ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಬೇಕು. ಗಾಯಾಳುಗಳಿದ್ದರೆ 108ಕ್ಕೂ ತಿಳಿಸಬೇಕು. ಸೋರುತ್ತಿರುವ ಕ್ಲೋರಿನ್ ಸಿಲಿಂಡರಿನ ಮೇಲೆ ನೀರು ಹಾಯಿಸಲೇಬಾರದು. ಅದರಿಂದ ಲೋಹವು ಇನ್ನಷ್ಟು ಕೊರೆದುಹೋಗಿ ರಂಧ್ರ ದೊಡ್ಡದಾಗುತ್ತದೆ.

ತೊಟ್ಟಿ, ಗುಂಡಿ, ಟ್ಯಾಂಕ್‌ಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಅಗತ್ಯ. ಒಳಗೆ ಬಿದ್ದ ಒಡನಾಡಿಯನ್ನು ಎತ್ತಲು ಒಬ್ಬರ ಹಿಂದೆ ಒಬ್ಬರು ಇಳಿದು ಪ್ರಾಣ ಕಳೆದುಕೊಂಡ ವರದಿಗಳು ನಮ್ಮ ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತಿವೆ. ಇಂತಹ ಇಕ್ಕಟ್ಟಿನ ಸ್ಥಳಗಳಲ್ಲಿ ಮಡಿದವರಲ್ಲಿ ಶೇಕಡಾ 60ಕ್ಕೂ ಹೆಚ್ಚು ಮಂದಿ ರಕ್ಷಿಸಲು ಹೋದವರು ಎಂದು ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1986ರಲ್ಲಿಯೇ ಎಚ್ಚರಿಸಿತ್ತು. ಇಳಿಯದೆ ನಿಲ್ಲುವುದು ಹೇಡಿತನವಲ್ಲ ಎಂಬುದನ್ನು ಮಾಲೀಕರೇ ಬಾಯಿಬಿಟ್ಟು ಹೇಳಬೇಕು.

ತರಬೇತಿಯ ವಿಧಾನ

ಗೋಡೆಗೆ ಅಂಟಿಸಿದ ಇಂಗ್ಲಿಷ್ ಸೂಚನೆಯಿಂದ ತರಬೇತಿಯಾಗುವುದಿಲ್ಲ. ಇಂದು ನಮ್ಮ ಘಟಕಗಳಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ, ಒಡಿಯಾ ಮಾತನಾಡುವವರು ಒಟ್ಟಿಗೆ ದುಡಿಯುತ್ತಾರೆ. ಓದು ಬಾರದವರೂ ಇರುತ್ತಾರೆ. ಆದ್ದರಿಂದ ಮಾತಿಗಿಂತ ಮಾಡಿ ತೋರಿಸುವುದೇ ಮೇಲು.

ಸರಬರಾಜುದಾರರಿಂದ ಪ್ರತಿ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯುವುದು ಮೊದಲ ಹೆಜ್ಜೆ. ಅದರಲ್ಲಿನ ಪ್ರಥಮ ಚಿಕಿತ್ಸೆ, ಸೋರಿಕೆ ನಿರ್ವಹಣೆ, ಜೊತೆಗಿಡಬಾರದ ವಸ್ತುಗಳು ಎಂಬ ಮೂರು ಭಾಗಗಳನ್ನು ಒಂದೊಂದು ಪುಟಕ್ಕೆ ಇಳಿಸಿ, ಕಾರ್ಮಿಕರ ಭಾಷೆಯಲ್ಲಿ ಓದಿ ಹೇಳಬೇಕು. ಗಾಜು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಕೆಲಸದಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಬಳಸುವವರಿಗೆ ಈ ಪತ್ರ ಇನ್ನೂ ಮುಖ್ಯ. ಅದರ ಸುಟ್ಟಗಾಯದ ನೋವು ತಡವಾಗಿ ಕಾಣಿಸಿಕೊಳ್ಳಬಹುದು. ನೀರಿನಲ್ಲಿ ತೊಳೆದ ಮೇಲೆ ಕ್ಯಾಲ್ಸಿಯಂ ಗ್ಲೂಕೋನೇಟ್ ಲೇಪನ ಬೇಕಾಗುತ್ತದೆ. ಅದನ್ನು ಮೊದಲೇ ತರಿಸಿಡದಿದ್ದರೆ ಆ ಹೊತ್ತಿಗೆ ಸಿಗುವುದಿಲ್ಲ.

ಎರಡನೆಯ ಹೆಜ್ಜೆ ಅಭ್ಯಾಸ. ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಿದ 20 ಲೀಟರ್ ನೀರನ್ನು, ಮುನ್ಸೂಚನೆ ಕೊಡದೆ, ಆಮ್ಲ ಇಳಿಸುವ ಜಾಗದಲ್ಲಿ ಚೆಲ್ಲಿ ಗಡಿಯಾರ ನೋಡಿಕೊಳ್ಳಬಹುದು. ಮೊದಲ ಕೂಗು ಎಷ್ಟು ಹೊತ್ತಿಗೆ ಕೇಳಿಸಿತು? ಮರಳು ಎಷ್ಟು ಹೊತ್ತಿಗೆ ಬಂತು? ನೀಲಿ ನೀರು ಚರಂಡಿಯನ್ನು ತಲುಪಿತೆ? ಕೈಗವಸು ಕಳಚುವುದನ್ನು ಕಲಿಸಲು ಅದರ ಮೇಲೆ ಅರಿಶಿನ ಹಚ್ಚಿ ಕಳಚಲು ಹೇಳಿದರೆ, ಯಾರ ಕೈ ಹಳದಿಯಾಯಿತೆಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಹೀಗೆ ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಮೀಸಲಿಟ್ಟರೆ ಖರ್ಚು ಅತ್ಯಲ್ಪ. ಹೊಸಬರು ಸೇರಿದಾಗ ಮೊದಲ ದಿನವೇ ತೋರಿಸಬೇಕು. ಪ್ರತಿವರ್ಷ ಮಾರ್ಚ್ 4ರಂದು ಬರುವ ರಾಷ್ಟ್ರೀಯ ಸುರಕ್ಷತಾ ದಿನವನ್ನು ದೊಡ್ಡ ಅಣಕು ಕಾರ್ಯಾಚರಣೆಗೆ ಬಳಸಿಕೊಳ್ಳಬಹುದು.

ಒಣ ಮರಳು, ಸೋಡಾ ಪುಡಿ, ಪ್ಲಾಸ್ಟಿಕ್ ಸಲಿಕೆ, ಮುಚ್ಚಳವಿರುವ ಖಾಲಿ ಡ್ರಮ್, ರಕ್ಷಣಾ ಸಾಧನ ಇವುಗಳನ್ನು ರಾಸಾಯನಿಕ ಕೊಠಡಿಯ ಒಳಗಲ್ಲ, ಬಾಗಿಲ ಹೊರಗೆ ಇಡಬೇಕು. ಬೀರುವಿನಲ್ಲಿ ಬೀಗ ಹಾಕಿ, ಬೀಗದ ಕೈಯನ್ನು ಸ್ಟೋರ್ ಕೀಪರ್ ಮನೆಗೆ ಒಯ್ದರೆ ಸಾಮಗ್ರಿ ಇದ್ದೂ ಇಲ್ಲದಂತೆ. ವರ್ತಕರು ಟ್ಯಾಂಕರ್ ಅಥವಾ ಲಾರಿಯಿಂದ ಸರಕು ಇಳಿಸಿಕೊಳ್ಳುವಾಗ ವಾಹನದ ಮೇಲಿನ ತುರ್ತು ಮಾಹಿತಿ ಫಲಕವನ್ನು ಓದುವುದನ್ನು ಗೋದಾಮಿನವರಿಗೆ ಕಲಿಸಬೇಕು.

ತೆಗೆದ ಮೇಲಿನ ಕೆಲಸ

ಆಮ್ಲ ಹೀರಿದ ಮರಳು ಕಸವಲ್ಲ, ಅಪಾಯಕಾರಿ ತ್ಯಾಜ್ಯ. ಅದನ್ನು ಮುಚ್ಚಿದ ಡ್ರಮ್ಮಿನಲ್ಲಿ ಚೀಟಿ ಅಂಟಿಸಿ ಇಟ್ಟು, ಸಾಮಾನ್ಯವಾಗಿ 90 ದಿನಗಳೊಳಗೆ ಅಧಿಕೃತ ವಿಲೇವಾರಿ ಘಟಕಕ್ಕೆ ಕಳುಹಿಸಬೇಕು. ಚರಂಡಿಗೆ ತೊಳೆದುಬಿಟ್ಟರೆ ಅದು ಅಲ್ಲಿಗೇ ಮುಗಿಯುವುದಿಲ್ಲ. ಪೀಣ್ಯದ ಒಂದು ಭಾಗದ ಚರಂಡಿಗಳು ಸೇರುವ ವೃಷಭಾವತಿಯ ನೀರು ಬಿಡದಿಯ ಬಳಿಯ ಬೈರಮಂಗಲ ಕೆರೆಗೆ, ಅಲ್ಲಿಂದ ರೈತರ ಹೊಲಗಳಿಗೆ ಹೋಗುತ್ತದೆ.

ಕೊನೆಯದಾಗಿ, ಬಹಳ ಕಡೆ ಮರೆತುಹೋಗುವ ಒಂದು ಮಾತು. ಕ್ಯಾನ್ ಬೀಳಿಸಿದವನ ಸಂಬಳದಿಂದ ಹಣ ಮುರಿದುಕೊಳ್ಳುವ ಪದ್ಧತಿ ಇರುವಲ್ಲಿ ಯಾವ ತರಬೇತಿಯೂ ಫಲಿಸದು. ಬೈಗುಳಕ್ಕೆ ಹೆದರಿದವನು ಸೋರಿಕೆಯನ್ನು ಮುಚ್ಚಿಡುತ್ತಾನೆ. ಯಾರೂ ನೋಡುವ ಮೊದಲೇ ಒಬ್ಬನೇ, ಬರಿಗೈಯಲ್ಲಿ, ನೀರು ಹೊಯ್ದು ತೊಳೆಯಲು ಹೋಗುತ್ತಾನೆ. ಮೇಲೆ ಹೇಳಿದ ಅನಾಹುತಗಳಲ್ಲಿ ಹಲವಕ್ಕೆ ಇದೇ ದಾರಿ. ಸಣ್ಣ ಸೋರಿಕೆಯನ್ನು ಕೂಡಲೇ ತಿಳಿಸಿದವನಿಗೆ ದಂಡವಿಲ್ಲ ಎಂದು ಘೋಷಿಸಿ, ಪ್ರತಿಯೊಂದನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಯಾವ ವಾಲ್ವ್, ಯಾವ ಮೆಟ್ಟಿಲು, ಯಾವ ಪಾಳಿ ತೊಂದರೆ ಕೊಡುತ್ತಿದೆ ಎಂಬುದು ಕೆಲವೇ ತಿಂಗಳುಗಳಲ್ಲಿ ಮಾಲೀಕರಿಗೇ ತಿಳಿಯುತ್ತದೆ.

ಸದಸ್ಯ ಉದ್ಯಮಿಗಳು ಈ ತಿಂಗಳಲ್ಲಿಯೇ ತಮ್ಮ ರಾಸಾಯನಿಕ ಕೊಠಡಿಗೆ ಒಮ್ಮೆ ಹೋಗಿ, ಅಲ್ಲಿರುವ ಅತ್ಯಂತ ಕಿರಿಯ ಕಾರ್ಮಿಕನನ್ನು, ಈ ಕ್ಯಾನ್ ಈಗ ಬಿದ್ದರೆ ನೀನು ಏನು ಮಾಡುತ್ತೀಯೆ ಎಂದು ಕೇಳಬೇಕು. ಅವನು ಕೊಡುವ ಉತ್ತರದಿಂದಲೇ ತರಬೇತಿ ಎಲ್ಲಿಂದ ಆರಂಭವಾಗಬೇಕೆಂಬುದು ಸ್ಪಷ್ಟವಾಗುವುದು.