ಕಾಫಿ ಪುಡಿ ಚೆಲ್ಲಿದರೆ ಲೆಕ್ಕವೂ ಚೆಲ್ಲುತ್ತದೆ

ನರ್ಸರಿ ತೊಟ್ಟೆಗೆ ಮಣ್ಣು ತುಂಬುವಾಗ ನಾವು ಪಿವಿಸಿ ಪೈಪನ್ನು ಓರೆಯಾಗಿ ಕೊಯ್ದ ತುಂಡು ಬಳಸುತ್ತೇವೆ. ಬರಿಗೈಯಲ್ಲಿ ತುಂಬಿದರೆ ಅರ್ಧ ಮಣ್ಣು ಹೊರಗೇ ಬೀಳುತ್ತದೆ. ಈ ಉಪಾಯ ನನಗೆ ಮೂವತ್ತು ವರ್ಷದಿಂದ ಗೊತ್ತು. ಆದರೂ ನಮ್ಮ ಅಡುಗೆಮನೆಯಲ್ಲಿ ದಿನಾ ಕಾಫಿ ಪುಡಿ ಚೆಲ್ಲುತ್ತಿದ್ದಾಗ ಅದು ನೆನಪಾಗಲೇ ಇಲ್ಲ. ನೆನಪಾಗುವ ಹೊತ್ತಿಗೆ, ಒಳ್ಳೆಯ ಕಾಫಿಯನ್ನೇ ಕೆಟ್ಟದೆಂದು ತೀರ್ಮಾನಿಸಿ ಒಣಗಿಸುವ ಅಟ್ಟವನ್ನು ಬಿಚ್ಚಿಡುವ ತನಕ ಬಂದಿದ್ದೆ. ಆ ಕತೆಯ ಜತೆಗೆ, ಅದಕ್ಕೆ ಕಂಡುಕೊಂಡ ಸುಲಭ ಪರಿಹಾರವನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮದು ಕೊಪ್ಪ ಕಡೆಯ ಸಣ್ಣ ಹಿಡುವಳಿ. ಅಡಿಕೆ, ಕಾಳುಮೆಣಸು, ಜತೆಗೆ ಅರೇಬಿಕಾ ಕಾಫಿ. ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಬೆಳೆಗಾರನಿಗೆ ತನ್ನ ಕಾಫಿಯ ರುಚಿ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. ಬೆಳೆದು ಒಣಗಿಸಿ ಮಂಡಳಿಗೆ ಒಪ್ಪಿಸಿದರೆ ಮುಗಿಯಿತು. ಎಲ್ಲರ ಬೀಜವೂ ಒಂದೇ ರಾಶಿ. 1996ರಲ್ಲಿ ಬೆಳೆಗಾರರಿಗೆ ಪೂರ್ತಿ ಮಾರಾಟ ಸ್ವಾತಂತ್ರ್ಯ ಸಿಕ್ಕಿತು. ಈಗ ನೇರವಾಗಿ ಕೊಳ್ಳುವವರು ಬರುತ್ತಾರೆ. ಅವರು ಕೇಳುವ ಮೊದಲ ಪ್ರಶ್ನೆ, "ನಿಮ್ಮ ಕಾಫಿ ನೀವು ಕುಡಿದು ನೋಡಿದ್ದೀರಾ?"

ಬೆಂಗಳೂರಿನಲ್ಲಿ ಕಾಫಿ ಹುರಿದು ಮಾರುವವರೊಬ್ಬರು ನಮ್ಮಲ್ಲಿಗೂ ಬಂದಿದ್ದರು. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಎಸ್ಪ್ರೆಸೊ ಮಾಡುವವರು. "ಹಣ್ಣನ್ನು ಕಣದಲ್ಲಿ ಬೇಡ, ಬಲೆ ಹಾಸಿದ ಅಟ್ಟದಲ್ಲಿ ಒಣಗಿಸಿ. ರುಚಿ ನಿಂತರೆ ಮೇಲಿನ ರೇಟು ಕೊಡುತ್ತೇನೆ" ಎಂದರು. ಬಿದಿರು, ಬಲೆ, ಆಳು ಎಲ್ಲಾ ಸೇರಿ ಖರ್ಚಾಯಿತು. ದಿನಕ್ಕೆ ನಾಲ್ಕೈದು ಸಲ ಕೈಯಾಡಿಸುವ ಕೆಲಸ ಬೇರೆ. ಅರ್ಧ ಬೆಳೆ ಅಟ್ಟದಲ್ಲಿ, ಅರ್ಧ ಹಳೇ ಕ್ರಮದಂತೆ ಕಣದಲ್ಲಿ ಒಣಗಿಸಿದೆ.

ಹತ್ತು ದಿನದ ಗೋಳು

ಮಗಳು ಮನೆಯಲ್ಲಿ ಒಂದು ಸಣ್ಣ ಎಸ್ಪ್ರೆಸೊ ಯಂತ್ರ ತಂದಿಟ್ಟಿದ್ದಳು. ನಮ್ಮ ಹಿತ್ತಾಳೆ ಫಿಲ್ಟರಿಗೂ ಇದಕ್ಕೂ ಇರುವ ವ್ಯತ್ಯಾಸ ಹೇಳಬೇಕು. ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೇ ಇಳಿಯುತ್ತದೆ. ಎಸ್ಪ್ರೆಸೊದಲ್ಲಿ 90 ಡಿಗ್ರಿಗೂ ಮೇಲ್ಪಟ್ಟ ಬಿಸಿ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ನಯವಾದ ಪುಡಿಯ ಮೂಲಕ ನುಗ್ಗಿಸುತ್ತಾರೆ. ಪುಡಿ ತುಂಬುವ ತೂತಿನ ಬಟ್ಟಲಿಗೆ ಬಾಸ್ಕೆಟ್ ಅಂತಾರೆ. ಅದು ಕೂರುವ ಹಿಡಿಕೆಗೆ ಪೋರ್ಟಾಫಿಲ್ಟರ್ ಎಂದು ಹೆಸರು. ಸಾಮಾನ್ಯ ಲೆಕ್ಕ ಹೀಗೆ: 18 ಗ್ರಾಂ ಪುಡಿ ಹಾಕಿದರೆ 36 ಗ್ರಾಂ ಡಿಕಾಕ್ಷನ್, ಇಳಿಯಲು 25ರಿಂದ 30 ಸೆಕೆಂಡು.

ಇಷ್ಟು ಒತ್ತಡಕ್ಕೆ ಎದುರು ನಿಲ್ಲುವುದು ಆ ಪುಡಿಯ ಬಿಲ್ಲೆ ಮಾತ್ರ. ಪುಡಿ ಒಂದೆರಡು ಗ್ರಾಂ ಕಡಿಮೆಯಾದರೂ ತಡೆ ಕಡಿಮೆಯಾಗಿ ನೀರು ಸರ್ರನೆ ಇಳಿದುಬಿಡುತ್ತದೆ. ಪುಡಿ ಒಂದು ಪಕ್ಕಕ್ಕೆ ಹೆಚ್ಚಾಗಿ ಇನ್ನೊಂದು ಪಕ್ಕಕ್ಕೆ ಕಡಿಮೆಯಾದರೆ, ಕಟ್ಟಪುಣಿಯಲ್ಲಿ ಏಡಿ ತೋಡಿದ ಹಾಗೆ ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಒಂದು ಕಡೆ ಪುಡಿಯಲ್ಲಿ ಸಾರವೇ ಬಿಡುವುದಿಲ್ಲ, ಇನ್ನೊಂದು ಕಡೆ ಅತಿಯಾಗಿ ಬಿಟ್ಟು ಒಗರಾಗುತ್ತದೆ.

ಎರಡೂ ಸ್ಯಾಂಪಲನ್ನು ಮನೆಯಲ್ಲೇ ಹುರಿದೆ. ಬೀಜ 18 ಗ್ರಾಂ ತೂಗಿ, ಅರೆದು, ಬಟ್ಟಲಿಗೆ ಸುರಿದು ಒತ್ತಿ ಇಳಿಸಿದೆ. ಕಣದ ಕಾಫಿ ತಕ್ಕಮಟ್ಟಿಗಿತ್ತು. ಅಟ್ಟದ್ದು ಹದಿನೆಂಟೇ ಸೆಕೆಂಡಿಗೆ ಇಳಿದುಬಿಟ್ಟಿತು. ಕುಡಿದರೆ ತೆಳು, ಚಪ್ಪೆ, ಕೊನೆಗೊಂದು ಒಗರು. ಹತ್ತು ದಿನ ಮಾಡಿದರೂ ಅದೇ ಕತೆ. ಇಷ್ಟೆಲ್ಲ ಖರ್ಚು ಮಾಡಿ ಇದಾ ಸಿಕ್ಕಿದ್ದು ಅನ್ನಿಸಿತು. ಅಟ್ಟದ ಬಲೆ ಬಿಚ್ಚಿ ಅಡಿಕೆ ಒಣಗಿಸಲು ಹಾಕುವಾ ಎಂದು ಆಳಿಗೆ ಹೇಳಿಯೂ ಆಯಿತು.

ಈ ನಡುವೆ ಮನೆಯವಳ ಗೊಣಗಾಟ ಬೇರೆ. ಕಟ್ಟೆ ಮೇಲೆ, ಸ್ಟವ್ ಸಂದಿಯಲ್ಲಿ, ಒರೆಸುವ ಬಟ್ಟೆಯಲ್ಲಿ ಎಲ್ಲೆಲ್ಲೂ ಪುಡಿ. ಮಳೆಗಾಲದಲ್ಲಿ ಸಂದಿಯ ಪುಡಿ ಪಸೆ ಹಿಡಿದು ಬೂಸು ಬರುತ್ತಿತ್ತು. "ಇದು ಅಡುಗೆಮನೆಯಾ, ಪಲ್ಪರ್ ಶೆಡ್ಡಾ? ನೀವೇ ಹೇಳಿ" ಎಂದಳು.

ತಕ್ಕಡಿ ಹೇಳಿದ ಸತ್ಯ

ರಜೆಗೆ ಬಂದಿದ್ದ ಮಗಳು ಒಂದು ಬೆಳಿಗ್ಗೆ ಸುಮ್ಮನೆ ನಿಂತು ನೋಡಿದಳು. "ಅಪ್ಪಯ್ಯಾ, ನೀವು ತೂಗಿದ್ದು ಬೀಜ. ಬಟ್ಟಲಿಗೆ ಬಿದ್ದದ್ದು ಎಷ್ಟು ಅಂತ ತೂಗಿದ್ದೀರಾ?" ಎಂದು ಕೇಳಿದಳು. ತೂಗಿರಲಿಲ್ಲ.

ಖಾಲಿ ಬಾಸ್ಕೆಟ್ ತೂಗಿ, ಪುಡಿ ತುಂಬಿದ ಮೇಲೆ ಮತ್ತೆ ತೂಗಿದೆವು. ಕಣದ ಕಾಫಿ 17.3 ಗ್ರಾಂ ಇತ್ತು. ಅಟ್ಟದ್ದು 16.2 ಗ್ರಾಂ ಮಾತ್ರ! ಹತ್ತನೇ ಒಂದು ಪಾಲು ಬಟ್ಟಲಿಗೆ ಬರಲೇ ಇಲ್ಲ. ಸ್ವಲ್ಪ ಗ್ರೈಂಡರಿನ ಹೊಟ್ಟೆಯಲ್ಲಿ ಉಳಿದಿತ್ತು, ಮಿಕ್ಕದ್ದು ಕಟ್ಟೆ ಮೇಲಿತ್ತು. ಹತ್ತು ದಿನ ನಾನು ಬೈದದ್ದು ಕಾಫಿಯನ್ನಲ್ಲ, ನನ್ನ ಕೈಯನ್ನೇ.

ಅಟ್ಟದ್ದೇ ಯಾಕೆ ಹೆಚ್ಚು ಚೆಲ್ಲಿತು? ಅದನ್ನು ಹುರಿಯುವಾಗ ನನ್ನ ಕೈ ತಪ್ಪಿ ಸ್ವಲ್ಪ ಹೆಚ್ಚು ಕಪ್ಪಾಗಿತ್ತು. ಅರೆಯುವಾಗ ಬೀಜ ಒಡೆದು, ಉಜ್ಜಿ ಪುಡಿಗೆ ಸ್ಥಿರ ವಿದ್ಯುತ್ತು ಬರುತ್ತದೆ. ಒಣ ಕೂದಲು ಬಾಚಣಿಗೆಗೆ ಅಂಟುವುದಿಲ್ಲವೇ, ಹಾಗೇ. ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದವರೂ ಸೇರಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೀಜದ ಒಳಗಿನ ತೇವ ಕಡಿಮೆಯಾದಷ್ಟೂ ಈ ವಿದ್ಯುತ್ತು ಹೆಚ್ಚು ಎಂದು ಕಂಡಿದೆ. ಕಪ್ಪಗೆ ಹುರಿದ ಬೀಜದಲ್ಲಿ ತೇವ ಕಡಿಮೆ. ಹಾಗಾಗಿ ಪುಡಿ ಹಾರುವುದೂ, ಪಾತ್ರೆಗೆ ಅಂಟುವುದೂ ಹೆಚ್ಚು. ಒಂದೇ ತರ ಹುರಿಯದೆ ಎರಡನ್ನು ಹೋಲಿಸಿದ್ದು ನನ್ನ ಮೊದಲ ತಪ್ಪು. ಬಟ್ಟಲಿಗೆ ಬಿದ್ದದ್ದನ್ನು ತೂಗದೇ ಇದ್ದದ್ದು ಎರಡನೆಯದು.

ಲೋಟದ ಲಾಳಿಕೆ

ಬಟ್ಟಲಿನ ಬಾಯಿಗೆ ಒಂದು ಲಾಳಿಕೆ ಇಟ್ಟರೆ ಆಯಿತಲ್ಲ ಅಂತ ಆಗ ಹೊಳೆಯಿತು. ಇದಕ್ಕೆಂದೇ ಮಾಡಿದ್ದು ಡೋಸಿಂಗ್ ಫನೆಲ್ ಎಂಬ ಹೆಸರಿನಲ್ಲಿ ಪೇಟೆಯಲ್ಲಿ ಸಿಗುತ್ತದೆ. ನಾವು ಎಣ್ಣೆ ಹೊಯ್ಯುವ ಲಾಳಿಕೆಯ ಹಾಗೆ ಕೆಳಗೆ ಕೊಳವೆ ಇರುವುದಿಲ್ಲ. ಒಂದೂವರೆ ಅಂಗುಲ ಎತ್ತರದ ಲೋಹದ ಬಳೆ ಅಂದುಕೊಳ್ಳಿ. ಬಟ್ಟಲಿಗೆ ಕಟ್ಟಿದ ತಾತ್ಕಾಲಿಕ ಗೋಡೆ ಅದು.

ಪೈಪಿನ ತುಂಡು ಇಟ್ಟು ನೋಡಿದೆ. ಆದರೆ ಬಿಸಿ ಹಿಡಿಕೆಯ ಮೇಲೆ ಪಿವಿಸಿ ಸರಿಯಲ್ಲ, ಪುಡಿಯೂ ಅದಕ್ಕೆ ಅಂಟಿಕೊಂಡಿತು. ಆಮೇಲೆ ಒಂದು ಹಳೇ ಸ್ಟೀಲ್ ಲೋಟ ಹುಡುಕಿದೆ. ಅದರ ಬುಡ ಬಾಸ್ಕೆಟಿನ ಬಾಯಿಗಿಂತ ಒಂದು ಕೂದಲು ಸಣ್ಣ, ಮೇಲೆ ಹೋದಂತೆ ಅಗಲ. ಪೇಟೆಯ ಲೇತ್ ಅಂಗಡಿಗೆ ಕೊಂಡುಹೋದೆ. "ಒಳ್ಳೇ ಲೋಟದ ಅಡಿ ಯಾಕೆ ಕೊಯ್ಸ್ತೀರಿ ಸಾರ್?" ಎಂದ ಹುಡುಗ. ಬುಡ ತೆಗೆಸಿ, ಎರಡಂಗುಲ ಎತ್ತರ ಇಟ್ಟುಕೊಂಡು ಮೇಲಿನದ್ದನ್ನೂ ಕೊಯ್ಸಿದೆ. ಅಂಚು ಹರಿತ ಇರುತ್ತದೆ, ಅರದಿಂದ ಉಜ್ಜಿ ಎಮರಿ ಪೇಪರ್ ಹಾಕುವುದನ್ನು ಮರೆಯಬೇಡಿ. ಬಾಸ್ಕೆಟಿನ ಒಳಗೆ ಒಂದೆರಡು ಮಿಲಿಮೀಟರ್ ಇಳಿದು ಬಿಗಿಯಾಗಿ ಕೂರುತ್ತದೆ.

ಕೊಳ್ಳುವವರು ಮೊದಲು ಬಾಸ್ಕೆಟಿನ ಬಾಯಿ ಅಳೆಯಿರಿ. ಮನೆ ಯಂತ್ರಗಳಲ್ಲಿ 51, 54, 58 ಮಿಲಿಮೀಟರಿನವು ಹೆಚ್ಚು. ಹೋಟೆಲಿನ ದೊಡ್ಡ ಯಂತ್ರಗಳಲ್ಲಿ ಬಹಳಷ್ಟು 58ರವು. 1961ರಲ್ಲಿ ಬಂದ ಇಟಲಿಯ ಫೇಮಾ ಇ61 ಯಂತ್ರದ್ದೂ ಅದೇ ಅಳತೆ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಅಯಸ್ಕಾಂತ ಇರುವ ಲಾಳಿಕೆಯೂ ಉಂಟು. ಆದರೆ ಎಲ್ಲ ಸ್ಟೀಲಿಗೂ ಅಯಸ್ಕಾಂತ ಚೆನ್ನಾಗಿ ಹಿಡಿಯುವುದಿಲ್ಲ, ಪರೀಕ್ಷಿಸಿ ಕೊಳ್ಳಿ. ಗ್ರೈಂಡರಿನ ಮೂತಿಯ ಕೆಳಗೆ ನೇರ ಹಿಡಿಕೆ ಇಟ್ಟು ಅರೆಯುವವರು ಎತ್ತರವನ್ನೂ ನೋಡಬೇಕು. ಎತ್ತರ ಹೆಚ್ಚಾದರೆ ಕೆಳಗೆ ತೂರುವುದೇ ಇಲ್ಲ.

ನಾನು ಮಾಡುವ ಕ್ರಮ

ಬೀಜ ತೂಗಿದ ಮೇಲೆ ಚಮಚದ ಹಿಂಬದಿ ಒದ್ದೆ ಮಾಡಿ, ಆ ಒಂದು ಹನಿಯಲ್ಲಿ ಬೀಜ ಕಲಕುತ್ತೇನೆ. ಸ್ಥಿರ ವಿದ್ಯುತ್ತು ಇಳಿಯಲು ಇಷ್ಟೇ ಸಾಕು. ನೀರು ಹೆಚ್ಚಾದರೆ ಗ್ರೈಂಡರ್ ಹಾಳು.

ಬಾಸ್ಕೆಟ್ ಒಣಗಿರಬೇಕು. ಲಾಳಿಕೆ ಕೂರಿಸಿ ಪುಡಿ ಸುರಿಯುತ್ತೇನೆ. ಸುರಿದಾಗ ಪುಡಿ ಗೋಪುರದ ಹಾಗೆ ಅಂಚಿಗಿಂತ ಮೇಲೆ ನಿಲ್ಲುತ್ತದೆ. ಮೊದಲು ಚೆಲ್ಲುತ್ತಿದ್ದದ್ದು ಇದೇ ಭಾಗ.

ಲಾಳಿಕೆ ಇರುವಾಗಲೇ ಸಪೂರ ಸೂಜಿಯಿಂದ ತಳದ ತನಕ ಕಲಕಿ ಗಂಟು ಬಿಡಿಸಬೇಕು. ಈ ಕ್ರಮವನ್ನು ಜಾನ್ ವೈಸ್ ಎಂಬವರು 2005ರಲ್ಲಿ ತಿಳಿಸಿದ್ದು. ಮೂರು ನಾಲ್ಕು ಸೂಜಿಯನ್ನು ಒಂದು ಬಾಟಲಿ ಬೆಂಡಿಗೆ ಚುಚ್ಚಿದರೆ ಸಾಧನ ರೆಡಿ. ದಪ್ಪ ಕಡ್ಡಿ ಬೇಡ, ಅದು ಪುಡಿಯಲ್ಲಿ ಸಾಲು ಬಿಡುತ್ತದೆ. ಗೋಡೆ ಇಲ್ಲದೆ ಹೀಗೆ ಕಲಕಲು ಹೋದರೆ ಪುಡಿಯೆಲ್ಲ ಹೊರಗೆ. ಲಾಳಿಕೆಯ ದೊಡ್ಡ ಉಪಕಾರ ಇಲ್ಲೇ ಇರುವುದು.

ಆಮೇಲೆ ಹಿಡಿಕೆಯನ್ನು ಬಟ್ಟೆಯ ಮೇಲೆ ಎರಡು ಸಲ ಮೆಲ್ಲಗೆ ಕುಟ್ಟಿದರೆ ಪುಡಿ ತಗ್ಗುತ್ತದೆ. ಲಾಳಿಕೆಗೆ ಬೆರಳಲ್ಲಿ ತಟ್ಟಿ, ಅಂಟಿದ್ದನ್ನು ಬೀಳಿಸಿ, ನೇರ ಮೇಲಕ್ಕೆ ಎತ್ತಬೇಕು. ಓರೆ ಎತ್ತಿದರೆ ಚೆಲ್ಲುತ್ತದೆ. ನನ್ನ ಲೋಟದ್ದು ಬಾಸ್ಕೆಟಿನ ಒಳಗೆ ಇಳಿಯುವ ಕಾರಣ, ತೆಗೆದ ಮೇಲೆಯೇ ಒತ್ತಬೇಕು. ಹೊರಗಿನಿಂದ ಕೂರುವ ಲಾಳಿಕೆಯಾದರೆ, ಒತ್ತುವ ಟ್ಯಾಂಪರ್ ಅದರೊಳಗೆ ಹೋಗುವಂತಿದ್ದರೆ, ಇಟ್ಟುಕೊಂಡೇ ಒತ್ತಬಹುದು.

ಕೊನೆಗೆ ಬಾಸ್ಕೆಟಿನ ಅಂಚನ್ನು ಒಣ ಕುಂಚದಲ್ಲಿ ಒರೆಸಿ ಯಂತ್ರಕ್ಕೆ ಹಾಕಿ. ಯಂತ್ರದಲ್ಲಿ ಒಂದು ರಬ್ಬರ್ ವಾಷರ್ ಇರುತ್ತದೆ. ಅಂಚಿನಲ್ಲಿ ಪುಡಿ ಉಳಿದರೆ ವಾಷರ್ ಸರಿಯಾಗಿ ಕೂರದೆ ಪಕ್ಕದಿಂದ ಬಿಸಿ ನೀರು ಸೋರುತ್ತದೆ. ಪುಡಿ ಉಜ್ಜಿ ಉಜ್ಜಿ ವಾಷರೂ ಬೇಗ ಸವೆಯುತ್ತದೆ.

ಎಷ್ಟು ಪ್ರಯೋಜನ?

ಈಗ 18 ಗ್ರಾಂ ಬೀಜಕ್ಕೆ 17.8ರ ಆಸುಪಾಸು ಬಟ್ಟಲಿಗೆ ಬರುತ್ತದೆ. ಎರಡೂ ಕಾಫಿಯನ್ನು ಒಂದೇ ಬಣ್ಣಕ್ಕೆ ಮತ್ತೆ ಹುರಿದು ಇಳಿಸಿದೆ. ಸಮಯದಲ್ಲಿ ಒಂದೆರಡು ಸೆಕೆಂಡು ಮಾತ್ರ ಆಚೀಚೆ. ಈಗ ರುಚಿ ನೋಡಿದರೆ ಅಟ್ಟದ್ದು ಸಿಹಿ ಹೆಚ್ಚಿದ್ದು, ಕಣದ್ದರಲ್ಲಿದ್ದ ಮಣ್ಣಿನ ವಾಸನೆ ಇಲ್ಲ. ಸ್ಯಾಂಪಲ್ ಕಳಿಸಿದೆ. ಕೊಳ್ಳುವವರೂ ಅದನ್ನೇ ಆರಿಸಿದರು. ಅಟ್ಟ ಉಳಿಯಿತು, ಮುಂದಿನ ವರ್ಷಕ್ಕೆ ಇನ್ನೊಂದು ಕಟ್ಟಿಸುವ ಯೋಚನೆ ಇದೆ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಲಾಳಿಕೆ ಇಟ್ಟ ಮಾತ್ರಕ್ಕೆ ಕಾಫಿ ರುಚಿಯಾಗುವುದಿಲ್ಲ. ಹಳಸಿದ ಪುಡಿ, ತರಿ ಹದ ತಪ್ಪಿದ ಪುಡಿ ಯಾವುದೂ ಅದರಿಂದ ಸರಿಯಾಗದು. ಬೀಜ ಹೋಲಿಸಲು ಎಸ್ಪ್ರೆಸೊಗಿಂತ, ಬಿಸಿ ನೀರು ಹೊಯ್ದು ಚಮಚದಲ್ಲಿ ಸವಿಯುವ ಕಪ್ಪಿಂಗ್ ಕ್ರಮವೇ ಹೆಚ್ಚು ಸರಳ, ಹೆಚ್ಚು ನಂಬಿಗಸ್ತ. ಈಗ ಅದನ್ನೂ ಮಾಡುತ್ತೇನೆ. ಬರೇ ಫಿಲ್ಟರ್ ಕಾಫಿ ಕುಡಿಯುವವರಿಗೆ ಈ ಲಾಳಿಕೆಯ ಅಗತ್ಯವೇ ಇಲ್ಲ. ಆದರೆ ಎಸ್ಪ್ರೆಸೊ ಮಾಡುವವರಿಗೆ, ತೂಗಿದ ಪುಡಿ ತೂಗಿದಷ್ಟೇ ಬಟ್ಟಲಿಗೆ ಬೀಳಬೇಕು. ಇಲ್ಲವಾದರೆ ತಪ್ಪು ಎಲ್ಲಿಯದು, ತೋಟದ್ದೋ, ಕಣದ್ದೋ, ಕೈಯದ್ದೋ ಎಂದು ಗೊತ್ತಾಗುವುದೇ ಇಲ್ಲ.

ಲೋಟದ ಬುಡ ಕೊಯ್ಸುವುದಕ್ಕಿಂತ ಸುಲಭದ ದಾರಿ ಯಾರಾದರೂ ಕಂಡುಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ. ಮನೆಯವಳು ಹೇಳುತ್ತಾಳೆ, ಕಟ್ಟೆ ಒರೆಸುವ ಕೆಲಸ ಉಳಿಯಿತು, ಆದರೆ ಲೋಟದ ಜೋಡಿ ತಪ್ಪಿತು ಅಂತ.