ಸ್ಟುಡಿಯೋಗೆ ವಿಮೆ ಇತ್ತು, ಕ್ಯಾಮೆರಾಗೆ ಇರಲಿಲ್ಲ

ಹಂದನಕೆರೆಯಲ್ಲಿ ನನ್ನ ಸೋದರಮಾವನ ಮಗನದ್ದೊಂದು ಫೋಟೊ ಸ್ಟುಡಿಯೋ ಇದೆ. ನನಗಿಂತ ನಾಲ್ಕು ವರ್ಷ ದೊಡ್ಡವನು, ಸಂಬಂಧದಲ್ಲಿ ಭಾವ. ಒಟ್ಟಿಗೇ ಬೆಳೆದಿದ್ದರಿಂದ ಏಕವಚನವೇ. ಪಾಸ್‌ಪೋರ್ಟ್ ಸೈಜ್ ಫೋಟೊ, ಜೆರಾಕ್ಸ್, ಲ್ಯಾಮಿನೇಶನ್ ಇವೆಲ್ಲ ದಿನದ ಖರ್ಚಿಗೆ. ಅಸಲಿ ದುಡಿಮೆ ಮದುವೆ ಸೀಸನ್ನಿನದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು ಅಂತ ಕ್ಯಾಮೆರಾ ಬ್ಯಾಗು ಹೆಗಲಿಗೇರಿಸಿ ಸುತ್ತುತ್ತಿರುತ್ತಾನೆ. ಆಷಾಢ ಬಂದರೆ ತೋಟಕ್ಕೆ ಹೋಗ್ತಾನೆ.

ಕಳೆದ ಸೀಸನ್ನಿನಲ್ಲಿ ತಿಪಟೂರಿನ ಒಂದು ಕಲ್ಯಾಣ ಮಂಟಪದಲ್ಲಿ ಆರತಕ್ಷತೆ ಮುಗಿಸಿ, ಬ್ಯಾಗನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಕೊನೇ ಪಂಕ್ತಿ ಊಟಕ್ಕೆ ಕೂತ. ಎದ್ದು ಬರುವಷ್ಟರಲ್ಲಿ ಬ್ಯಾಗು ಇಲ್ಲ. ಗಾಜು ಒಡೆದಿಲ್ಲ, ಬೀಗ ಕೆಟ್ಟಿಲ್ಲ. ಎರಡು ಬಾಡಿ, ಮೂರು ಲೆನ್ಸ್, ಎರಡು ಫ್ಲ್ಯಾಷ್, ಅದರ ಜೊತೆ ಅವತ್ತಿನ ಕಾರ್ಡುಗಳು.

ನನಗೆ ಬೆಂಗಳೂರಿಗೆ ಫೋನ್ ಬಂದಾಗ ರಾತ್ರಿ ಹನ್ನೆರಡು ದಾಟಿತ್ತು. ‘ಇನ್ಶೂರೆನ್ಸ್ ಇದೆ ಬಿಡಪ್ಪ, ಬ್ಯಾಂಕಿನವರೇ ಮಾಡಿಸಿದ್ದು’ ಅಂತ ಅವನೇ ನನಗೆ ಸಮಾಧಾನ ಹೇಳಿದ. ಪಾಲಿಸಿಯ ಪಿಡಿಎಫ್ ಕಳಿಸು ಅಂದೆ. ಮೂವತ್ತು ಚಿಲ್ಲರೆ ಪುಟ. ನಾನು ದಿನಾ ಬೇರೆಯವರು ಬರೆದ ಕೋಡ್ ಓದಿ ಎಲ್ಲಿ ಮುರಿಯುತ್ತೆ ಅಂತ ಹುಡುಕುವವನು. ಆ ಅಭ್ಯಾಸದಲ್ಲೇ ಓದಿದೆ. ಮುರಿದಿದ್ದು ಎರಡನೇ ಪುಟದಲ್ಲೇ.

ಅದು ಅಂಗಡಿಗಳಿಗೆ ಕೊಡುವ ಪಾಲಿಸಿ. ಸಾಲದ ಜೊತೆ ಸೇರಿಸಿ ಮಾಡಿಸಿದ್ದು. ಬೆಂಕಿ ಬಿದ್ದರೆ, ಷಟರ್ ಮುರಿದು ಕಳ್ಳತನವಾದರೆ ಹಣ ಬರುತ್ತೆ. ಆದರೆ ‘ವಿಮೆ ಇರುವ ಸ್ಥಳ’ ಅನ್ನುವ ಕಡೆ ಬರೆದಿದ್ದು ಹಂದನಕೆರೆಯ ಆ ಒಂದು ಮಳಿಗೆಯ ವಿಳಾಸ ಮಾತ್ರ. ಕ್ಯಾಮೆರಾ ಆ ಬಾಗಿಲು ದಾಟಿದ ಕ್ಷಣಕ್ಕೆ ವಿಮೆ ಮುಗಿಯಿತು. ದುಡಿಯುವ ಕ್ಯಾಮೆರಾ ಹಗಲೂ ರಾತ್ರಿ ಬಾಗಿಲ ಹೊರಗೇ ಇರುತ್ತೆ ಅಂತ ಫಾರ್ಮ್ ತುಂಬಿದವರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಕ್ಲೇಮ್ ತಿರಸ್ಕಾರವಾಯಿತು. ಕಂಪನಿಯನ್ನು ಬೈಯೋಣ ಅಂದುಕೊಂಡೆ, ಆದರೆ ಬರೆದಿದ್ದ ಪ್ರಕಾರ ಅವರು ಹೇಳಿದ್ದು ಸರಿಯೇ ಇತ್ತು.

ನಮ್ಮ ಕಡೆ ಲೆಕ್ಕ ಕೊಬ್ಬರಿಯಲ್ಲೇ ಹಾಕೋದು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಅವನ ದೊಡ್ಡ ಬಾಡಿ ಒಂದೇ ಸುಮಾರು ಎರಡು ಲಕ್ಷ ನಲವತ್ತು ಸಾವಿರದ್ದು, ಅಂದರೆ ಹೆಚ್ಚುಕಮ್ಮಿ ಇಪ್ಪತ್ತು ಕ್ವಿಂಟಾಲ್. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿ, ಸುಲಿದು, ಮಾರ್ಕೆಟ್ಟಿಗೆ ಹೋಗುವ ಕೊಬ್ಬರಿ ಒಂದು ಊಟದ ಹೊತ್ತಿನಲ್ಲಿ ಹೋಯ್ತು. ತಮಾಷೆ ಅಂದ್ರೆ ತೆಂಗಿನ ಮರಕ್ಕೂ ವಿಮೆ ಇದೆ. ತೆಂಗು ಅಭಿವೃದ್ಧಿ ಮಂಡಳಿಯ ಯೋಜನೆಯಲ್ಲಿ 16ರಿಂದ 60 ವರ್ಷದ ಮರಕ್ಕೆ 14 ರೂಪಾಯಿ ಪ್ರೀಮಿಯಂ, ಅದರಲ್ಲೂ ರೈತ ಕೊಡೋದು ಕಾಲುಭಾಗ, ಮರ ಹೋದರೆ 1,750 ರೂಪಾಯಿ. ನಮ್ಮ ಮಾವ ಅದನ್ನೆಲ್ಲ ವಿಚಾರಿಸಿ ತಿಳಿದವರು. ಮಗ ಕ್ಯಾಮೆರಾದ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ.

ಚಿನ್ನ ಅಡ ಇಟ್ಟು ಅವನು ಮತ್ತೆ ಸಾಮಾನು ತಗೊಂಡ. ಈ ಸಲ ಪಾಲಿಸಿ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಕ್ಯಾಮೆರಾ ಇಟ್ಟುಕೊಂಡು ದುಡಿಯುವ ಗೆಳೆಯರು ನಿಮಗೂ ಇರಬಹುದು, ವೀಕೆಂಡ್‌ನಲ್ಲಿ ನೀವೇ ಮದುವೆ ಶೂಟ್ ಮಾಡ್ತಿರಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಓಡಾಡುವ ಸಾಮಾನಿಗೆ ನಮ್ಮಲ್ಲಿ ಸಿಗೋದು ಮುಖ್ಯವಾಗಿ ಎರಡು ಬಗೆ. ಒಂದು ‘ಆಲ್ ರಿಸ್ಕ್’. ಹೆಸರು ಕೇಳಿ ಮೋಸಹೋಗಬೇಡಿ, ಎಲ್ಲ ರಿಸ್ಕೂ ಅದರಲ್ಲಿಲ್ಲ. ಪಾಲಿಸಿಯಲ್ಲಿ ಹೊರಗಿಟ್ಟ ಪಟ್ಟಿ ಬಿಟ್ಟು ಉಳಿದದ್ದು ಅಂತ ಅರ್ಥ. ಇನ್ನೊಂದು ‘ಎಲೆಕ್ಟ್ರಾನಿಕ್ ಎಕ್ವಿಪ್‌ಮೆಂಟ್’ ಪಾಲಿಸಿ. ಇದನ್ನು ಕೂತಲ್ಲೇ ಇರುವ ಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ಹಾಗಾಗಿ ಹೊರಗೆ ಒಯ್ಯುವ ಸಾಮಾನು ಅಂತ ಬೇರೆಯಾಗಿ ಬರೆಸಿಕೊಳ್ಳಬೇಕು. ಅನುಕೂಲವೂ ಇದೆ: ಮೆಮೊರಿ ಕಾರ್ಡು, ಹಾರ್ಡ್ ಡಿಸ್ಕಿನ ಡೇಟಾ ಮರಳಿ ಪಡೆಯುವ ಖರ್ಚಿಗೊಂದು ವಿಭಾಗ, ನಮ್ಮದು ರಿಪೇರಿಯಲ್ಲಿರುವಾಗ ಬಾಡಿಗೆಗೆ ತರುವ ಹೆಚ್ಚುವರಿ ಖರ್ಚಿಗೊಂದು ವಿಭಾಗ ಸೇರಿಸಿಕೊಳ್ಳಬಹುದು. ಮನೆಗೆ ಮಾಡಿಸುವ ಪಾಲಿಸಿಯಲ್ಲೇ ಕ್ಯಾಮೆರಾ ಸೇರಿಸಿದ್ದೀನಿ ಅನ್ನೋರೂ ಇದ್ದಾರೆ. ಅದರಿಂದ ದುಡಿಯುತ್ತೀರಿ ಅಂತ ಗೊತ್ತಾದರೆ ಅಲ್ಲಿ ತಕರಾರು ಬರುವುದು ಸಹಜ.

ಎರಡು ಕೊಟೇಶನ್ ಬಂದವು. ಒಂದು ಏಳು ಸಾವಿರದೊಳಗೆ, ಇನ್ನೊಂದು 18% ಜಿಎಸ್‌ಟಿ ಸೇರಿ ಹನ್ನೊಂದು ಸಾವಿರದ ಹತ್ತಿರ. ಭಾವ ಸಹಜವಾಗಿ ಮೊದಲನೆಯದಕ್ಕೆ ಕೈ ಹಾಕಿದ. ಓದಿದರೆ ಅದರಲ್ಲಿ ವಾಹನದಿಂದ ಆಗುವ ಕಳ್ಳತನ ಪೂರ್ತಿ ಹೊರಗೆ. ಎರಡನೆಯದರಲ್ಲಿ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ್ದರೆ, ಬಲವಂತವಾಗಿ ತೆಗೆದ ಗುರುತಿದ್ದರೆ ಕೊಡ್ತಾರೆ. ‘ಹಂಗಾದ್ರೆ ಆವತ್ತಿನ ಕೇಸಿಗೆ ಇದೂ ಬರ್ತಿರಲಿಲ್ಲ’ ಅಂದ. ನಿಜ, ಬರ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಣುವಂತೆ ಇಟ್ಟು ಹೋದದ್ದಕ್ಕೆ ಹಣ ಕೊಡುವ ಪಾಲಿಸಿ ನನಗೆ ಸಿಗಲೇ ಇಲ್ಲ. ಈಗ ಊಟಕ್ಕೂ ಬ್ಯಾಗು ಜೊತೆಗೇ ಹೋಗುತ್ತೆ. ಪಕ್ಕದ ಎಲೆಯವರು ಬೈದುಕೊಂಡರೂ ಸರಿ.

ಆಮೇಲೆ ಮೊತ್ತದ ವಿಷಯ. ಪ್ರೀಮಿಯಂ ಉಳಿಸೋಣ ಅಂತ ಆರು ಲಕ್ಷದ ಸಾಮಾನಿಗೆ ನಾಲ್ಕು ಲಕ್ಷ ಬರೆಸೋಣ ಅಂದ. ಬಹಳ ಜನ ಬೀಳೋ ಗುಂಡಿ ಇದೇ. ನಾಲ್ಕು ಲಕ್ಷದೊಳಗಿನ ನಷ್ಟ ಪೂರ್ತಿ ಸಿಗುತ್ತೆ ಅಂತ ಅವನ ಲೆಕ್ಕ. ಹಾಗಾಗಲ್ಲ. ಬೆಲೆಯ ಮೂರರಲ್ಲಿ ಎರಡು ಪಾಲಿಗೆ ಮಾತ್ರ ವಿಮೆ ಇದ್ದರೆ, ಪ್ರತಿ ನಷ್ಟದಲ್ಲೂ ಮೂರರಲ್ಲಿ ಎರಡು ಪಾಲೇ ಲೆಕ್ಕಕ್ಕೆ. 90,000ದ ಲೆನ್ಸ್ ಬಿದ್ದು ಒಡೆದರೆ 60,000. ಅದರಲ್ಲೂ ‘ಎಕ್ಸೆಸ್’ ಅಂತ ನಾವೇ ಭರಿಸಬೇಕಾದ ಮೊತ್ತ ಕಳೆದು ಉಳಿದದ್ದು. ಎಲೆಕ್ಟ್ರಾನಿಕ್ ಪಾಲಿಸಿಯಲ್ಲಂತೂ ಇವತ್ತು ಅಂಥದ್ದೇ ಹೊಸತು ಕೊಂಡರೆ ಎಷ್ಟೋ ಅಷ್ಟು ಬರೆಸಬೇಕು. ಮೂರು ವರ್ಷದ ಹಿಂದಿನ ಬಿಲ್ಲಿನ ಬೆಲೆ ಬರೆಸಿದರೆ ಕಮ್ಮಿ ಬೀಳುತ್ತೆ. ಆದರೆ ಪೂರ್ತಿ ಕಳೆದುಹೋದಾಗ ಕೊಡುವ ಹಣದಲ್ಲಿ ಸವಕಳಿ ಕಳೆಯುತ್ತಾರೋ ಇಲ್ಲವೋ, ಎಷ್ಟು ಕಳೆಯುತ್ತಾರೆ ಅಂತ ಸಹಿಗೆ ಮೊದಲೇ ಈಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಏಜೆಂಟ್ ಹೇಳಿದ ಮಾತು ಕ್ಲೇಮ್ ದಿನ ಯಾರಿಗೂ ನೆನಪಿರಲ್ಲ.

ಪ್ರತಿ ಸಾಮಾನಿನ ಸೀರಿಯಲ್ ನಂಬರ್ ಪಾಲಿಸಿಯ ಪಟ್ಟಿಯಲ್ಲಿ ಇರಲೇಬೇಕು. ಇಲ್ಲಿ ನಮಗೊಂದು ತೊಡಕಾಯ್ತು. ಹೊಸ ಬಾಡಿಯನ್ನು ಇಎಂಐಗೆ ತಗೊಂಡಿದ್ದು ಅತ್ತಿಗೆಯ ಕಾರ್ಡಿನಲ್ಲಿ, ಬಿಲ್ಲೂ ಅವರ ಹೆಸರಲ್ಲೇ. ಪಾಲಿಸಿ ಸ್ಟುಡಿಯೋ ಹೆಸರಲ್ಲಿ. ಸಾಮಾನು ಯಾರದ್ದು ಅನ್ನೋ ಪ್ರಶ್ನೆ ಕ್ಲೇಮ್ ಹೊತ್ತಿಗೆ ಬೇಡ ಅಂತ ಮೊದಲೇ ತಿಳಿಸಿ ಸರಿಮಾಡಿಸಿದೆವು. ಬಿಲ್ ಇಲ್ಲದ ಸೆಕೆಂಡ್ ಹ್ಯಾಂಡ್ ಲೆನ್ಸ್ ಒಂದನ್ನು ಅವರು ಸೇರಿಸಿಕೊಳ್ಳಲಿಲ್ಲ. ಬೇರೆಯವರಿಂದ ಬಾಡಿಗೆಗೆ ತಂದದ್ದೂ ಹೇಳಿ ಬರೆಸದಿದ್ದರೆ ಇದರೊಳಗೆ ಬರಲ್ಲ. ಇನ್ನು ಲೆನ್ಸಿಗೆ ಫಂಗಸ್ ಹಿಡಿಯೋದು, ಸವೆತ, ತಾನಾಗೇ ಕೆಡೋದು, ಎಲ್ಲಿ ಹೋಯ್ತೋ ಗೊತ್ತಿಲ್ಲ ಅನ್ನೋದು, ಇವೆಲ್ಲ ಸಾಮಾನ್ಯವಾಗಿ ಹೊರಗೇ.

ಸಾಮಾನಿನ ಮಾತು ಇಷ್ಟಾಯ್ತು. ಆವತ್ತು ರಾತ್ರಿ ಭಾವ ನಿಜವಾಗಿ ಹೆದರಿದ್ದು ಕಾರ್ಡುಗಳಿಗೆ. ಆರತಕ್ಷತೆ ಪೂರ್ತಿ ಹೋಗಿತ್ತು. ಬೆಳಗಿನ ಧಾರೆಗೆ ಇನ್ನೂ ಸಮಯವಿತ್ತು, ಚಿಕ್ಕನಾಯಕನಹಳ್ಳಿಯ ಸ್ನೇಹಿತನೊಬ್ಬ ತನ್ನ ಕ್ಯಾಮೆರಾ ಕೊಟ್ಟು ಮಾನ ಉಳಿಸಿದ. ಆದರೆ ಮದುಮಗಳ ಅಪ್ಪನ ಮುಂದೆ ನಿಂತು ಹೇಳಬೇಕಲ್ಲ. ಅವರು ಬೈಯಲಿಲ್ಲ, ‘ನಮ್ಮಮ್ಮ ಹಾಸನದಿಂದ ಬಂದು ಅಕ್ಷತೆ ಹಾಕಿ ರಾತ್ರಿನೇ ವಾಪಸ್ ಹೋದ್ರು’ ಅಂದರಂತೆ ಅಷ್ಟೆ. ಭಾವ ಅಡ್ವಾನ್ಸ್ ವಾಪಸ್ ಕೊಟ್ಟ, ಧಾರೆಯ ಆಲ್ಬಂ ಪುಕ್ಕಟೆ ಮಾಡಿಕೊಟ್ಟ. ಎಲ್ಲರೂ ಹಾಗೆ ಬಿಡಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಇದು ಸೇವಾ ನ್ಯೂನತೆ ಅಂತ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಇಂಥ ಹೊಣೆಗೆ ‘ಪ್ರೊಫೆಶನಲ್ ಇಂಡೆಮ್ನಿಟಿ’ ಅಂತ ಬೇರೆ ಪಾಲಿಸಿ. ನಮ್ಮ ಮಟ್ಟದ ಸ್ಟುಡಿಯೋಗೆ ಅದು ಭಾರ ಅನ್ನಿಸಿತು. ಬದಲಿಗೆ ಎರಡು ಸ್ಲಾಟಿನ ಕ್ಯಾಮೆರಾದಲ್ಲಿ ಎರಡು ಕಾರ್ಡಿಗೂ ಒಟ್ಟಿಗೆ ಬರೆಯೋದು, ಒಂದು ಕಾರ್ಡು ಯಾವಾಗಲೂ ಜೇಬಿನಲ್ಲಿ. ಬುಕಿಂಗ್ ಚೀಟಿಯಲ್ಲಿ, ಕೆಟ್ಟರೆ ಕಳೆದರೆ ಹಣ ವಾಪಸ್ಸಿನವರೆಗೆ ಮಾತ್ರ ಹೊಣೆ ಅಂತ ಕನ್ನಡದಲ್ಲೇ ಎರಡು ಸಾಲು ಸೇರಿಸಿದೆವು. ಆಯೋಗ ಅದನ್ನು ಒಪ್ಪಲೇಬೇಕು ಅಂತೇನಿಲ್ಲ, ಗಿರಾಕಿಗೆ ಮೊದಲೇ ಗೊತ್ತಿರುತ್ತೆ.

ಡ್ರೋನ್ ಇದ್ದರೆ ಆಯ್ಕೆಯ ಮಾತಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೋ ಬಿಟ್ಟು ಉಳಿದದ್ದಕ್ಕೆ ಥರ್ಡ್ ಪಾರ್ಟಿ ವಿಮೆ ಬೇಕೇ ಬೇಕು. ಚಪ್ಪರದ ಮೇಲೆ ಹಾರಿಸುವವರಲ್ಲಿ ಎಷ್ಟು ಜನರ ಹತ್ತಿರ ಇದೆ, ನೀವೇ ಕೇಳಿ ನೋಡಿ.

ಜೊತೆಗೆ ಬರುವ ಹುಡುಗರನ್ನು ಮರೆಯಬೇಡಿ. ಮುಹೂರ್ತಕ್ಕೆ ಮುಂಜಾನೆ ನಾಲ್ಕಕ್ಕೆ ಬೈಕಿನಲ್ಲಿ ಹೊರಡುವವರು ಅವರು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. 18ರಿಂದ 70 ವರ್ಷದೊಳಗಿನವರಿಗೆ ಬ್ಯಾಂಕ್ ಖಾತೆ ಇದ್ದರೆ ಸಾಕು. ಇಬ್ಬರದ್ದೂ ಅವತ್ತೇ ಮಾಡಿಸಿದ.

ಕಳ್ಳತನವಾದರೆ ಪೊಲೀಸರ ‘ಇ-ಲಾಸ್ಟ್’ ರಿಪೋರ್ಟಿಗೆ ನಿಲ್ಲಬೇಡಿ, ಅದು ಕಳೆದುಕೊಂಡದ್ದಕ್ಕೆ. ಎಫ್‌ಐಆರ್ ಮಾಡಿಸಿ, ಅದೇ ದಿನ ಕಂಪನಿಗೂ ಬರೆಯಿರಿ. ಕ್ಲೇಮ್ ತಿರಸ್ಕಾರವಾಗಿ, ಅದು ತಪ್ಪು ಅನ್ನಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು. 30 ದಿನ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ವರ್ಷದೊಳಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ, ಒಬ್ಬರೇ ಮಾಲೀಕರಾಗಿರುವ ಸಣ್ಣ ವ್ಯವಹಾರದ ಪಾಲಿಸಿಯೂ ಅಲ್ಲಿ ನಡೆಯುತ್ತೆ. ಐಆರ್‌ಡಿಎಐನ ಸಹಾಯವಾಣಿ 155255.

ಹನ್ನೊಂದು ಸಾವಿರದ ಪಾಲಿಸಿಗೇ ಭಾವ ಸಹಿ ಹಾಕಿದ. ವಿಳಾಸದ ಜಾಗದಲ್ಲಿ ‘ಭಾರತದಾದ್ಯಂತ’ ಅಂತ ಇರೋದನ್ನ ಮೂರು ಸಲ ಓದಿ, ಫೋಟೊ ತೆಗೆದು ನನಗೆ ಕಳಿಸಿದ.