ನಿಮಗಿದು ಗೊತ್ತೆ? ಒಂದು ಅಲಗು, ಎರಡು ಅಂಚು

ಫಿಗರ್ ಸ್ಕೇಟಿಂಗ್ ಬೂಟಿನ ಅಲಗಿಗೆ ಅಂಚು ಒಂದಲ್ಲ, ಎರಡು! ಸುಮಾರು 4 ಮಿ.ಮೀ. ದಪ್ಪದ ಉಕ್ಕಿನ ತಳದಲ್ಲಿ ಉದ್ದಕ್ಕೂ ಸಣ್ಣ ತೋಡು ಇರುತ್ತದೆ. ಅದರ ಎರಡು ಬದಿಯ ಏಣುಗಳೇ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವುದು. ಸಾಮಾನ್ಯವಾಗಿ 20ರಿಂದ 40 ಗಂಟೆ ಸ್ಕೇಟಿಂಗ್ ಮಾಡಿದ ಮೇಲೆ ಸಾಣೆ ಬೇಕು. ಉಗುರನ್ನು ಅಂಚಿಗೆ ಅಡ್ಡಲಾಗಿ ಮೆಲ್ಲನೆ ಎಳೆದಾಗ ಬಿಳಿ ಪುಡಿ ಉದುರಿದರೆ ಅಲಗು ಇನ್ನೂ ಹರಿತ. ಉಗುರು ಸುಮ್ಮನೆ ಜಾರಿದರೆ ಮೊಂಡು.

ಪ್ರತಿ ಸಾಣೆಗೂ ಉಕ್ಕು ಕೊಂಚ ಸವೆಯುತ್ತದೆ. ಅನೇಕ ಅಲಗುಗಳಲ್ಲಿ ಗಡಸು ಮಾಡಿದ ಭಾಗ ತಳದ ಕೆಲವೇ ಮಿ.ಮೀ. ಅದು ಸವೆದು ಹೋದರೆ ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲದು; ಹೊಸ ಅಲಗೇ ಗತಿ. ಸಿಮೆಂಟ್ ನೆಲದ ಮೇಲೆ ಕವಚವಿಲ್ಲದೆ ನಾಲ್ಕು ಹೆಜ್ಜೆ ನಡೆದರೂ ಅಂಚು ಹಾಳು.